ವೆಲಿಗಾಮದ ಮುರಿದ ಬೋರ್ಡಿನ ಮನೆ: ಆರು ರಾತ್ರಿಯ ಸರ್ಫಿಂಗ್ ಪ್ರವಾಸ ಮತ್ತು ನನ್ನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ. ನಾನು ಸರ್ಫಿಂಗ್ ಕಲಿಯಬೇಕು ಎಂದು ಹೋದವಳಲ್ಲ. ನನ್ನ ತಮ್ಮನ ತಲೆಗೆ ಹೊಕ್ಕಿದ್ದ ಒಂದು ಯೋಚನೆಯನ್ನು ಕಣ್ಣಾರೆ ನೋಡಿ ಬರೋಣ ಎಂದು ಹೋದವಳು.

ಅವನಿಗೆ 31 ವರ್ಷ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸವಿದೆ. ಮೂರು ವರ್ಷದಿಂದ ಶುಕ್ರವಾರ ರಾತ್ರಿ ಆಯಿತೆಂದರೆ ಮಂಗಳೂರಿನ ಬಸ್ಸು ಹತ್ತುತ್ತಾನೆ. ಮೂಲ್ಕಿಯಲ್ಲಿ ಎರಡು ದಿನ ನೀರಲ್ಲಿದ್ದು ಸೋಮವಾರ ಬೆಳಿಗ್ಗೆ ವಾಪಸ್. ಹೋದ ದೀಪಾವಳಿಗೆ ತಿಪಟೂರಿನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. "ಕೆಲಸ ಬಿಡ್ತೀನಿ. ಶ್ರೀಲಂಕಾಕ್ಕೆ ಹೋಗಿ ಅಲ್ಲೇ ಸರ್ಫಿಂಗ್ ಮಾಡ್ಕೊಂಡು ಸಣ್ಣದಾಗಿ ಒಂದು ಟೂರ್ ಬಿಸಿನೆಸ್ ಶುರು ಮಾಡ್ತೀನಿ" ಎಂದ. ಅಮ್ಮ ಸಾರಿನ ಸೌಟು ಹಿಡಿದುಕೊಂಡು ಹಾಗೇ ನಿಂತಳು. ಅಪ್ಪ ಎಲೆ ಮಡಚಿ ಎದ್ದರು.

ಇಪ್ಪತ್ತು ವರ್ಷದಿಂದ ನಾನು ಸಣ್ಣ ಅಂಗಡಿ, ಹೋಟೆಲ್‌ಗಳ ಲೆಕ್ಕ ಬರೆಯುತ್ತಿದ್ದೇನೆ. ಒಳ್ಳೆಯ ಕೈರುಚಿ ಇದ್ದವರು ಲೆಕ್ಕ ತಪ್ಪಿ ಬಾಗಿಲು ಹಾಕಿದ್ದನ್ನು ಕಂಡಿದ್ದೇನೆ. ಸಾಧಾರಣ ಅಡುಗೆಯವರು ಲೆಕ್ಕ ಇಟ್ಟುಕೊಂಡು ಮೂರು ಮಕ್ಕಳನ್ನು ಓದಿಸಿದ್ದನ್ನೂ ಕಂಡಿದ್ದೇನೆ. ಹಾಗಾಗಿ ತಮ್ಮನಿಗೆ ಬೇಡ ಎನ್ನಲಿಲ್ಲ. "ಇದೇ ಕೆಲಸ ಮಾಡ್ತಿರೋರ ಮನೇಲಿ ಆರು ದಿನ ಇದ್ದು ಬರೋಣ. ಆಮೇಲೆ ಮಾತಾಡೋಣ" ಎಂದೆ. ಜನವರಿ ಕೊನೆಯ ವಾರ ಇಬ್ಬರೂ ಶ್ರೀಲಂಕಾದ ದಕ್ಷಿಣ ಕರಾವಳಿಯ ವೆಲಿಗಾಮಕ್ಕೆ ಹೊರಟೆವು.

ನಾವು ಉಳಿದುಕೊಂಡ ಮನೆಗೆ ಹೆಸರಿನ ಫಲಕವಿಲ್ಲ. ಗೇಟಿನ ಪಕ್ಕದ ತೆಂಗಿನ ಮರಕ್ಕೆ ಅರ್ಧ ಮುರಿದ ಹಳದಿ ಸರ್ಫ್ ಬೋರ್ಡ್ ಕಟ್ಟಿದ್ದಾರೆ, ಅಷ್ಟೇ. ಆಟೋದವರಿಗೆ ಅದೇ ಗುರುತು. ಕಡಲದಂಡೆಯಿಂದ ನಾಲ್ಕು ನಿಮಿಷ ಒಳಗೆ ನಡೆಯಬೇಕು. ನಾಲ್ಕು ರೂಮು, ಒಂದು ಉದ್ದನೆಯ ಜಗುಲಿ, ಹಿಂದೆ ಬೋರ್ಡ್ ಇಡುವ ಶೆಡ್ಡು. ಒಂದು ವಾರಕ್ಕೆ ಆರೇ ಜನ. ನಡೆಸುವವರು ನಮ್ಮ ಹೊನ್ನಾವರ ಕಡೆಯ ಹೆಣ್ಣುಮಗಳು. ಬೆಂಗಳೂರಿನಲ್ಲಿ ಒಂಬತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ 2018ರ ನವೆಂಬರ್‌ನಲ್ಲಿ ಇಲ್ಲಿಗೆ ಬಂದವರು. ಅವರ ಪಾಲುದಾರ ಇದೇ ಊರಿನ ಮೀನುಗಾರರ ಮನೆಯವರು, ಚಿಕ್ಕಂದಿನಿಂದ ಇದೇ ನೀರಲ್ಲಿ ಬೆಳೆದವರು. ಇಬ್ಬರ ಹೆಸರನ್ನೂ ನಾನು ಬರೆಯುವುದಿಲ್ಲ. ಬಾಯಿಂದ ಬಾಯಿಗೆ ಬಂದ ಜನವೇ ಸಾಕು ಎನ್ನುತ್ತಾರೆ, ಅವರ ಮಾತಿಗೆ ನಾನು ಬೆಲೆ ಕೊಡುತ್ತೇನೆ.

ಒಬ್ಬರಿಗೆ 46,000 ರೂಪಾಯಿ, ವಿಮಾನದ ಖರ್ಚು ಬಿಟ್ಟು. ಅದರಲ್ಲಿ ಆರು ರಾತ್ರಿಯ ರೂಮು, ಬೆಳಗಿನ ತಿಂಡಿ, ರಾತ್ರಿ ಊಟ, ಐದು ಪಾಠ, ಬೋರ್ಡ್, ವಿಮಾನ ನಿಲ್ದಾಣದಿಂದ ಗಾಡಿ, ಹತ್ತಿರದ ಕೋಟೆಯ ಊರು ಗಾಲೆಗೆ ಅರ್ಧ ದಿನದ ಸುತ್ತಾಟ ಎಲ್ಲ ಸೇರಿತ್ತು. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ, ಸುಮಾರು ಒಂದೂವರೆ ಗಂಟೆ. ಪ್ರವಾಸಿ ಅನುಮತಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಂಡಿರುವುದು ಒಳ್ಳೆಯದು. ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ, ಹೊರಡುವ ಮುಂಚೆ ಸರ್ಕಾರದ ಸೈಟಿನಲ್ಲೇ ನೋಡಿಕೊಳ್ಳಿ. ವಿಮಾನ ನಿಲ್ದಾಣ ಇರುವುದು ಕೊಲಂಬೊ ಊರೊಳಗಲ್ಲ, ಉತ್ತರಕ್ಕೆ ಕಟುನಾಯಕದಲ್ಲಿ. ಅಲ್ಲಿಂದ ದಕ್ಷಿಣದ ಎಕ್ಸ್‌ಪ್ರೆಸ್ ಹೆದ್ದಾರಿ ಹಿಡಿದು ಕೊಕ್ಮಡುವದಲ್ಲಿ ಇಳಿದರೆ ವೆಲಿಗಾಮ ಹತ್ತಿರ. ನಾವು ಹೋದಾಗ ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರೂವರೆ ರೂಪಾಯಿ ಇತ್ತು.

ಗಾಡಿ ಒಂದು ಗಂಟೆ ಹತ್ತು ನಿಮಿಷ ತಡವಾಗಿ ಬಂತು. ಒಂದು ಮೆಸೇಜೂ ಇಲ್ಲ. ರಾತ್ರಿ ಹೊತ್ತು, ಹೊಸ ದೇಶ, ಇಬ್ಬರೂ ಬ್ಯಾಗ್ ಮೇಲೆ ಕೂತುಕೊಂಡು ಕಾದೆವು. ತಡ ಆಗಿದ್ದಕ್ಕಲ್ಲ, ಹೇಳದೇ ಇದ್ದದ್ದಕ್ಕೆ ನನಗೆ ಸಿಟ್ಟು ಬಂತು. ಮನೆ ತಲುಪಿದ ಕೂಡಲೇ ನಡೆಸುವ ಹೆಣ್ಣುಮಗಳಿಗೆ ಹೇಳಿದೆ. "ತಪ್ಪಾಯ್ತು ಅಕ್ಕ. ಡ್ರೈವರ್ ಫೋನ್ ಮಾಡಿದ್ದ, ನಾನು ನಿಮಗೆ ತಿಳಿಸ್ಬೇಕಿತ್ತು. ಕೆಳಗಿನ ರೂಮಲ್ಲಿ ಒಬ್ಬರಿಗೆ ಜ್ವರ, ಅಲ್ಲೇ ಇದ್ದೆ" ಎಂದರು. ನೆಪ ಹೇಳುವ ದನಿಯಾಗಿರಲಿಲ್ಲ ಅದು. ಆದರೂ ಇದನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಒಬ್ಬಳೇ ಬರುವ ಹುಡುಗಿಗೆ ಆ ಒಂದು ಗಂಟೆ ತುಂಬಾ ಉದ್ದ.

ನೀರಿನ ವಿಷಯಕ್ಕೆ ಬರುತ್ತೇನೆ. ವೆಲಿ ಎಂದರೆ ಸಿಂಹಳದಲ್ಲಿ ಮರಳು, ಗಾಮ ಎಂದರೆ ಹಳ್ಳಿ. ಮರಳಿನ ಊರು. ಕಡಲು ಇಲ್ಲಿ ಅರ್ಧಚಂದ್ರದ ಹಾಗೆ ಒಳಗೆ ಬಂದಿದೆ. ದೂರದ ದಕ್ಷಿಣದ ಸಮುದ್ರದಲ್ಲಿ ಎಲ್ಲೋ ಎದ್ದ ಅಲೆ ಈ ಕೊಲ್ಲಿಯೊಳಗೆ ಬರುವಾಗ ಬಳಲಿ ಮೆತ್ತಗಾಗಿರುತ್ತದೆ. ತಳದಲ್ಲಿ ಬಂಡೆಯಿಲ್ಲ, ಮರಳು. ಬಿದ್ದರೆ ಪೆಟ್ಟು ಕಡಿಮೆ. ಹೊಸದಾಗಿ ಕಲಿಯುವವರು ಜಗತ್ತಿನ ಎಲ್ಲೆಲ್ಲಿಂದಲೋ ಇಲ್ಲಿಗೆ ಬರುವುದು ಇದಕ್ಕೇ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಆಗ ಅಲೆಯ ಮೈ ಇಸ್ತ್ರಿ ಮಾಡಿದ ಹಾಗೆ ನುಣುಪಾಗಿರುತ್ತದೆ. ಮೇ ಬಂತೆಂದರೆ ನಮ್ಮ ಕರಾವಳಿಗೆ ಬರುವ ಅದೇ ನೈಋತ್ಯ ಮಾರುತ ಇಲ್ಲಿಗೂ ಬರುತ್ತದೆ, ಕಡಲು ಕದಡಿ ಹೋಗುತ್ತದೆ. ಆಗ ಸರ್ಫರ್‌ಗಳೆಲ್ಲ ದ್ವೀಪದ ಪೂರ್ವಕ್ಕೆ, ಅರುಗಮ್ ಕೊಲ್ಲಿಗೆ ಹೋಗುತ್ತಾರೆ.

ಪಾಠ ಬೆಳಿಗ್ಗೆ ಆರೂವರೆಗೆ. ಆದರೆ ಐದೂಮುಕ್ಕಾಲಿಗೇ ಹೊನ್ನಾವರದ ಈ ಹೆಣ್ಣುಮಗಳು ದಂಡೆಯ ಕಟ್ಟೆ ಮೇಲೆ ಕೂತು ನೀರು ನೋಡುತ್ತಿರುತ್ತಾರೆ. ನಾವು ಅಲೆ ಅಂದರೆ ಅವರು ತೆರೆ ಅನ್ನುತ್ತಾರೆ. ಎರಡು ತೆರೆಯ ನಡುವೆ ಎಷ್ಟು ಹೊತ್ತು, ಎಲ್ಲಿ ಒಡೆಯುತ್ತಿದೆ, ನೀರು ಎಲ್ಲಿಂದ ಹೊರಗೆ ಎಳೆಯುತ್ತಿದೆ ಎಂದು ನೋಡಿ, ಆರು ಜನರಲ್ಲಿ ಯಾರು ಎಲ್ಲಿ ಇಳಿಯಬೇಕು ಎಂದು ನಿರ್ಧರಿಸುತ್ತಾರೆ. ಆ ನಲವತ್ತೈದು ನಿಮಿಷ ಅವರು ಯಾರ ಜೊತೆಗೂ ಮಾತಾಡುವುದಿಲ್ಲ.

ನನಗೆ ಕಲಿಸಿದ್ದು ಊರಿನದೇ ಹುಡುಗ, 24 ವರ್ಷದವನು. ಮೊದಲ ದಿನ "ಅಕ್ಕಾ" ಎಂದು ಕರೆದ. ಕನ್ನಡ ಕಲಿತಿದ್ದಾನೆ ಅಂದುಕೊಂಡೆ. ಅಲ್ಲವಂತೆ, ಸಿಂಹಳದಲ್ಲೂ ಅಕ್ಕ ಎಂದರೆ ಅಕ್ಕನೇ. ತಂಗಿಗೆ ನಂಗಿ. ಸರಿ ಎನ್ನುವುದಕ್ಕೆ ಹರಿ. ನಾನು ಸರಿ ಸರಿ ಅನ್ನುವುದು, ಅವನು ಹರಿ ಹರಿ ಅನ್ನುವುದು, ಹೀಗೆ ಆರು ದಿನ ಕಳೆದೆವು.

ಒಂದು ಗಂಟೆ ಮರಳಿನ ಮೇಲೇ ಪಾಠ. ಹೊಟ್ಟೆ ಮೇಲೆ ಮಲಗು, ಅಂಗೈ ಪಕ್ಕೆಯ ಹತ್ತಿರ ಊರು, ಬೋರ್ಡಿನ ಅಂಚು ಹಿಡಿಯಬೇಡ, ಒಂದೇ ಏಟಿಗೆ ಕಾಲು ಒಳಗೆ ತಂದು ಏಳು, ಮಂಡಿ ಬಗ್ಗಲಿ, ಕಣ್ಣು ದಂಡೆ ಕಡೆ ಇರಲಿ. ಆಮೇಲೆ ಬೀಳುವ ಪಾಠ. ಚಪ್ಪಟೆಯಾಗಿ ಬೀಳು, ತಲೆಕೆಳಗಾಗಿ ಧುಮುಕಬೇಡ. ನೀರಿಂದ ಮೇಲೆ ಬರುವಾಗ ಎರಡೂ ಕೈ ತಲೆಗೆ ಅಡ್ಡ ಇಡು. ನಿನಗೂ ಅಲೆಗೂ ನಡುವೆ ಯಾವತ್ತೂ ಬೋರ್ಡ್ ಇರಬಾರದು, ಇದ್ದರೆ ಅಲೆ ಅದನ್ನು ನಿನ್ನ ಮುಖಕ್ಕೇ ತಂದು ಹೊಡೆಯುತ್ತದೆ. ಈ ಕೊನೆಯ ಮಾತನ್ನು ಹುಡುಗ ನನ್ನಿಂದ ಮೂರು ಸಲ ಹೇಳಿಸಿದ. ಏಳುವುದಕ್ಕಿಂತ ಬೀಳುವುದಕ್ಕೆ ಜಾಸ್ತಿ ಹೊತ್ತು ಕೊಟ್ಟದ್ದು ನನಗೆ ತುಂಬಾ ಇಷ್ಟವಾಯಿತು. ಪಕ್ಕದಲ್ಲೇ ಇನ್ನೊಂದು ಗುಂಪು ಹತ್ತು ನಿಮಿಷದಲ್ಲಿ ಮರಳಿನ ಪಾಠ ಮುಗಿಸಿ ನೀರಿಗೆ ಇಳಿಯಿತು.

ನನಗೆ 46 ವರ್ಷ. ಮೊಣಕಾಲಿನಷ್ಟು ನೀರಿಗಿಂತ ಮುಂದೆ ಕಡಲಿಗೆ ಹೋದವಳಲ್ಲ. ಮೊದಲೆರಡು ದಿನ ನೊರೆಯಲ್ಲಿ ಬೋರ್ಡಿನ ಮೇಲೆ ಮಲಗಿಕೊಂಡೇ ದಂಡೆಗೆ ಬಂದೆ. ಒಂಬತ್ತು ಅಡಿಯ ಮೆತ್ತನೆ ಬೋರ್ಡು, ಅಗಲ, ಭಾರ. ಮೂರನೇ ದಿನ ಬೆಳಿಗ್ಗೆ ಹುಡುಗ ಹಿಂದಿನಿಂದ ಬೋರ್ಡ್ ತಳ್ಳಿ "ಈಗ ಅಕ್ಕಾ" ಎಂದ. ಎದ್ದೆ. ನಿಂತೆ. ನನ್ನ ಕೆಳಗೆ ನೀರು ಓಡುತ್ತಿತ್ತು, ಎದುರಿಗೆ ತೆಂಗಿನ ಸಾಲು ಹತ್ತಿರ ಬರುತ್ತಿತ್ತು. ಐದೋ ಆರೋ ಸೆಕೆಂಡು ಇರಬೇಕು. ಆಮೇಲೆ ನೀರಲ್ಲಿ ಕೂತು ಅತ್ತುಬಿಟ್ಟೆ. ಯಾಕೆ ಎಂದು ಇವತ್ತಿಗೂ ಪೂರ್ತಿ ಹೇಳಲಾರೆ. ತಮ್ಮ ದೂರದಿಂದ ನೋಡಿದವನು ಹತ್ತಿರ ಬಂದು, ಏನೂ ಕೇಳದೆ, ನನ್ನ ಬೋರ್ಡ್ ಹಿಡಿದುಕೊಂಡು ಪಕ್ಕದಲ್ಲಿ ನಿಂತ.

ಅವನಿಗೆ ಬೇರೆ ಪಾಠ. ಅವನನ್ನು ಪಾಲುದಾರರು ಹತ್ತಿರದ ಮಿಡಿಗಾಮ ಎಂಬ ಊರಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ತಳದಲ್ಲಿ ಬಂಡೆ, ಮೈತುಂಬ ಮುಳ್ಳಿರುವ ಕಡಲಜೀವಿಗಳ ಕಾಟ, ಆದರೆ ಅಲೆ ಉದ್ದ. ಯಾರು ಅಲೆ ಒಡೆಯುವ ಜಾಗಕ್ಕೆ ಹತ್ತಿರವಿದ್ದಾರೋ ಆ ಅಲೆ ಅವರದು, ಇನ್ನೊಬ್ಬರು ಅಡ್ಡ ಬರಬಾರದು ಎಂಬ ನಿಯಮವನ್ನು ಅಲ್ಲಿ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಮೂಲ್ಕಿಯಲ್ಲಿ ಇಷ್ಟು ಜನ ಒಟ್ಟಿಗೆ ನೀರಲ್ಲಿ ಇರುವುದಿಲ್ಲವಂತೆ. ಎರಡು ದಿನ ಅವನು ಅಲೆ ಹಿಡಿದದ್ದಕ್ಕಿಂತ ಬಿಟ್ಟುಕೊಟ್ಟದ್ದೇ ಜಾಸ್ತಿ.

ನಾಲ್ಕನೇ ದಿನದ ಬಗ್ಗೆ ಬರೆಯಲೇಬೇಕು. ಈ ವಿಮರ್ಶೆ ಬರೆಯಲು ಕೂತದ್ದೇ ಅದಕ್ಕೆ.

ಬೆಳಿಗ್ಗೆ ಹೋದಾಗ ಕಡಲು ಹಿಂದಿನ ದಿನಕ್ಕಿಂತ ದೊಡ್ಡದಾಗಿತ್ತು. ಅಲೆ ಒಂದು ಕಡೆಯಿಂದ ಸುರುಳಿ ಬಿಚ್ಚಿಕೊಂಡು ಬರುವ ಬದಲು ಉದ್ದಕ್ಕೂ ಒಟ್ಟಿಗೆ ಧೊಪ್ಪನೆ ಮುರಿಯುತ್ತಿತ್ತು. ಆದರೂ ದಂಡೆಯ ತುಂಬಾ ಜನ. ಎಲ್ಲ ಸರ್ಫಿಂಗ್ ಶಾಲೆಗಳ ಬೋರ್ಡೂ ನೀರಲ್ಲಿತ್ತು. ಹೊನ್ನಾವರದ ಹೆಣ್ಣುಮಗಳು ಕಟ್ಟೆಯಿಂದ ಎದ್ದು ಬಂದು, "ಅಕ್ಕ, ಇವತ್ತು ನಿಮಗೆ ನೀರು ಬೇಡ" ಎಂದರು. ತಮ್ಮನ ಕಡೆ ತಿರುಗಿ, "ನಿಂಗೂ ಬೇಡ ತಮ್ಮ" ಎಂದರು. ಅವನ ಮುಖ ಸಣ್ಣದಾಯಿತು. "ನಾನು ಮೂರು ವರ್ಷದಿಂದ ಮಾಡ್ತಿದೀನಿ" ಎಂದ. "ನಿಂಗೆ ಬರ್ತದೆ ಮಾರಾಯ, ಅದು ನಂಗೂ ಗೊತ್ತು. ಆದ್ರೆ ನೀರಲ್ಲಿ ನಿನ್ನ ಸುತ್ತ ಇರೋ ಐವತ್ತು ಜನಕ್ಕೆ ಬರಲ್ಲ" ಎಂದರು. ಅಷ್ಟೇ. ವಾದ ಬೆಳೆಸಲಿಲ್ಲ.

ನಾವು ಕಟ್ಟೆ ಮೇಲೆ ಕೂತು ಚಹಾ ಕುಡಿದೆವು. ಅರ್ಧ ಗಂಟೆಯೊಳಗೆ ಒಬ್ಬ ಹುಡುಗನನ್ನು ಇಬ್ಬರು ಹಿಡಿದುಕೊಂಡು ದಂಡೆಗೆ ತಂದರು. ಬೇರೆ ಯಾರದೋ ಬೋರ್ಡು ಹಣೆಗೆ ಬಡಿದಿತ್ತು. ರಕ್ತ ಕಣ್ಣಿಗೆ ಇಳಿಯುತ್ತಿತ್ತು. ನಮ್ಮ ಮನೆಯ ಹುಡುಗರೇ ಓಡಿಹೋಗಿ ಬಟ್ಟೆ ಒತ್ತಿ, ಆಟೋ ಹತ್ತಿಸಿದರು. ತಮ್ಮ ಆಮೇಲೆ ಮಾತಾಡಲಿಲ್ಲ.

ಅವತ್ತು ಸಂಜೆ ಊಟದ ಹೊತ್ತಿಗೆ ಆರೂ ಜನರ ತಟ್ಟೆಯ ಪಕ್ಕ ಒಂದೊಂದು ಕವರು. ಒಳಗೆ ಅಲ್ಲಿನ 4,500 ರೂಪಾಯಿ. ಒಂದು ಪಾಠದ ದುಡ್ಡು. ಯಾರೂ ಕೇಳಿರಲಿಲ್ಲ. ಯಾಕೆ ವಾಪಸ್ ಕೊಟ್ಟಿರಿ ಎಂದು ಕೇಳಿದೆ. ದುಡ್ಡು ತನ್ನ ಕೈಯಲ್ಲೇ ಉಳಿಯುತ್ತದೆ ಎಂದಾದರೆ ಬೆಳಿಗ್ಗೆ ನೀರು ನೋಡುವಾಗ ತನ್ನ ಕಣ್ಣು ಸುಳ್ಳು ಹೇಳಬಹುದು, ಕಲಿಸುವ ಹುಡುಗರಿಗೆ ಪಾಠ ಮಾಡಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ ಎಂದಾದರೂ ಅದೇ ಕಥೆ ಎಂದರು. ಹಾಗಾಗಿ ಒಂದು ಕ್ರಮ ಮಾಡಿಕೊಂಡಿದ್ದಾರೆ. ಪಾಠ ನಿಂತ ದಿನವೂ ಕಲಿಸುವ ಹುಡುಗರಿಗೆ ಪೂರ್ತಿ ಕೂಲಿ ಸಿಗುತ್ತದೆ, ಅತಿಥಿಗೆ ದುಡ್ಡು ವಾಪಸ್ ಹೋಗುತ್ತದೆ, ನಷ್ಟ ಮಾಲೀಕರಿಬ್ಬರದು. ಹಾಗಾಗಿ ಕಲಿಸುವ ಹುಡುಗ ಯಾವತ್ತೂ ಕೂಲಿಯ ಆಸೆಗೆ ನಮ್ಮನ್ನು ನೀರಿಗೆ ಇಳಿಸುವುದಿಲ್ಲ. ಇಪ್ಪತ್ತು ವರ್ಷದ ನನ್ನ ಕೆಲಸದಲ್ಲಿ ಇಷ್ಟು ಯೋಚಿಸಿ ಕಟ್ಟಿದ ಒಂದು ಖರ್ಚಿನ ಸಾಲನ್ನು ನಾನು ನೋಡಿರಲಿಲ್ಲ.

ಅವತ್ತೇ ರಾತ್ರಿ ಅವರು ಲೆಕ್ಕದ ಪುಸ್ತಕ ತಂದು ತಮ್ಮನ ಮುಂದೆ ಇಟ್ಟರು. ಅವನ ಆಸೆಯ ವಿಷಯ ನಾನು ಮೊದಲ ದಿನವೇ ಹೇಳಿದ್ದೆ. ಮೊತ್ತ ಬರೆಯುವುದಿಲ್ಲ, ಅದು ಅವರ ಮನೆಯ ವಿಷಯ. ನೂರರ ಲೆಕ್ಕದಲ್ಲಿ ಬರೆಯಲು ಒಪ್ಪಿದ್ದಾರೆ. ಸೀಸನ್ನಿನಲ್ಲಿ ನೂರು ರೂಪಾಯಿ ಬಂದರೆ 24 ಕಲಿಸುವ ಹುಡುಗರಿಗೆ. 15 ಮನೆಯ ಗುತ್ತಿಗೆಗೆ, ಅದನ್ನು ಮಳೆಗಾಲದಲ್ಲೂ ಕಟ್ಟಬೇಕು. 12 ಅಡುಗೆಯವರಿಗೂ ದಿನಸಿಗೂ. 11 ಗಾಡಿ, ಡೀಸೆಲ್. ಬೋರ್ಡ್ ರಿಪೇರಿಗೆ 7, ಉಪ್ಪುನೀರು ಬಿಸಿಲು ಸೇರಿ ಮೆತ್ತನೆ ಬೋರ್ಡುಗಳನ್ನು ಬೇಗ ತಿಂದುಹಾಕುತ್ತವೆ. ಬಟ್ಟೆ ಒಗೆಯುವುದು, ಕರೆಂಟು, ನೀರು ಸೇರಿ 6. ಪರವಾನಗಿ, ತೆರಿಗೆ, ವೀಸಾ ನವೀಕರಣಕ್ಕೆ 5. ಉಳಿಯುವುದು 20. ಅದರಲ್ಲಿ ಪಾಲುದಾರರಿಗೆ ಅರ್ಧ. ಅವರ ಕೈಗೆ 10. ಬೆಂಗಳೂರಿನಲ್ಲಿ ಬಿಟ್ಟು ಬಂದ ಸಂಬಳದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಗುತ್ತದೆ ಎಂದರು, ಒಳ್ಳೆಯ ವರ್ಷದಲ್ಲಿ.

ಒಳ್ಳೆಯ ವರ್ಷ ಎನ್ನುವ ಮಾತಿಗೆ ಇಲ್ಲಿ ತೂಕವಿದೆ. ಅವರು ಬಂದು ಐದು ತಿಂಗಳಾಗಿತ್ತು, 2019ರ ಏಪ್ರಿಲ್ 21, ಈಸ್ಟರ್ ದಿನ ಚರ್ಚು, ಹೋಟೆಲ್‌ಗಳಲ್ಲಿ ಬಾಂಬು ಸ್ಫೋಟವಾಯಿತು. ಬುಕ್ಕಿಂಗ್ ಎಲ್ಲ ರದ್ದು. ಸ್ವಲ್ಪ ಚೇತರಿಸಿಕೊಳ್ಳುವಷ್ಟರಲ್ಲಿ 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ವಿಮಾನ ನಿಲ್ದಾಣವೇ ಮುಚ್ಚಿತು, ಪ್ರವಾಸಿಗರಿಗೆ ತೆರೆದದ್ದು 2021ರ ಜನವರಿಯಲ್ಲಿ. ಆಮೇಲೆ 2022. ದೇಶ ಸಾಲ ತೀರಿಸಲಾಗದೆ ಕೈಚೆಲ್ಲಿತು. ದಿನಕ್ಕೆ ಹತ್ತು ಗಂಟೆಗೂ ಜಾಸ್ತಿ ಕರೆಂಟು ಇಲ್ಲದ ದಿನಗಳು, ಪೆಟ್ರೋಲಿಗೆ ಕಿಲೋಮೀಟರ್ ಉದ್ದದ ಸಾಲು, ಆಮೇಲೆ ಗಾಡಿಗೊಂದು ಕ್ಯೂಆರ್ ಕೋಡ್, ವಾರಕ್ಕೆ ಇಷ್ಟೇ ಲೀಟರು. ಆಗೆಲ್ಲ ಅವರು ರಾತ್ರಿ ಹೊತ್ತು ಹಳೆಯ ಸಾಫ್ಟ್‌ವೇರ್ ಕೆಲಸವನ್ನೇ ಗುತ್ತಿಗೆಗೆ ಮಾಡಿ ಮನೆಯ ಬಾಡಿಗೆ ಕಟ್ಟಿದ್ದಾರೆ. ಪಾಲುದಾರರು ಅಪ್ಪನ ದೋಣಿಗೆ ಮರಳಿದ್ದರು. ಊಟಕ್ಕೆ ಮೀನು, ತೆಂಗಿನಕಾಯಿ, ಹಿತ್ತಲ ಸೊಪ್ಪು. ಊರಿನವರು ಬಿಟ್ಟುಹಾಕಲಿಲ್ಲ ಎಂದರು. ಇದನ್ನು ಹೇಳುವಾಗ ಅವರ ದನಿ ಸ್ವಲ್ಪ ನಡುಗಿತು.

ತಮ್ಮ ಒಂದೇ ಪ್ರಶ್ನೆ ಕೇಳಿದ. "ನೀವು ದಿನಾ ಎಷ್ಟು ಹೊತ್ತು ಸರ್ಫ್ ಮಾಡ್ತೀರಿ?"

"ದಿನಾ ಎಲ್ಲಿ? ಸೀಸನ್ನಲ್ಲಿ ವಾರಕ್ಕೆ ಎರಡು ಸಲ. ಒಂದೊಂದು ಗಂಟೆ."

ಅವನು ಮೂಲ್ಕಿಯಲ್ಲಿ ವಾರಾಂತ್ಯಕ್ಕೆ ಆರು ಗಂಟೆ ನೀರಲ್ಲಿರುತ್ತಾನೆ. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ನನಗೆ ಕಾಣಿಸಿತು. ಅವರ ದಿನವನ್ನು ಆರು ದಿನ ಹತ್ತಿರದಿಂದ ನೋಡಿದ್ದೆವಲ್ಲ. ಬೆಳಿಗ್ಗೆ ನೀರು ನೋಡುವುದು, ತಿಂಡಿ, ಹದಿನೈದು ಟವೆಲ್ಲು ಒಗೆಯಲು ಹಾಕುವುದು, ಬಂಕು, ಮಾರ್ಕೆಟ್ಟು, ಯಾರದೋ ಕಿವಿನೋವಿಗೆ ಔಷಧಿ, ರಾತ್ರಿ ಹನ್ನೊಂದಕ್ಕೆ ಮುಂದಿನ ತಿಂಗಳ ಅತಿಥಿಗಳಿಗೆ ಉತ್ತರ. ಆದರೂ ಆ ಎರಡು ಗಂಟೆಯ ಬಗ್ಗೆ ಮಾತಾಡುವಾಗ ಅವರ ಮುಖ ಬೇರೆಯೇ ಆಗುತ್ತದೆ. ಅದನ್ನೂ ಬರೆಯದಿದ್ದರೆ ನಾನು ಅರ್ಧ ಹೇಳಿದ ಹಾಗೆ.

ಈ ಕೆಲಸದ ಕನಸು ಇರುವ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಎಂದು ಅವರು ಹೇಳಿದ ಇನ್ನಷ್ಟು ಬರೆಯುತ್ತೇನೆ. ಪ್ರವಾಸಿ ವೀಸಾದಲ್ಲಿ ದುಡಿಯುವಂತಿಲ್ಲ. ಸುಮ್ನೆ ಬಂದು ನಾಲ್ಕು ಜನರಿಗೆ ಕಲಿಸಿ ದುಡ್ಡು ತಗೊಂಡರೂ ತಪ್ಪೇ. ಕಂಪನಿ ನೋಂದಾಯಿಸಬೇಕು, ಪ್ರವಾಸೋದ್ಯಮ ಅಭಿವೃದ್ಧಿ ಪ್ರಾಧಿಕಾರದಲ್ಲಿ ಹೆಸರು ಬರೆಸಬೇಕು, ವಾಸದ ವೀಸಾ ಬೇಕು. 2014ರ ಕಾನೂನಿನ ನಂತರ ಹೊರದೇಶದವರು ಜಮೀನು ಕೊಳ್ಳುವ ಹಾಗಿಲ್ಲ, ಗುತ್ತಿಗೆ ಮಾತ್ರ. ಇಷ್ಟೆಲ್ಲ ಕಾಗದ ಇದ್ದರೂ ಊರಿನವರ ಒಪ್ಪಿಗೆ ಬೇರೆಯೇ ವಿಷಯ. 2024ರ ಫೆಬ್ರುವರಿಯಲ್ಲಿ ಇಲ್ಲಿಗೆ ಹತ್ತಿರದ ಉನವಟುನದಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶ ಎಂದು ಯಾರೋ ಪಾರ್ಟಿಗೆ ಜಾಹೀರಾತು ಕೊಟ್ಟರು. ದೇಶವೆಲ್ಲ ಕೆರಳಿತು. ಹೊರಗಿಂದ ಬಂದು ಅಂಗಡಿ ಇಟ್ಟವರ ಮೇಲೆ ಊರವರಿಗೆ ಒಳಗೊಳಗೇ ಇದ್ದ ಸಿಟ್ಟು ಹೊರಗೆ ಬಂತು. ನನ್ನ ಮಟ್ಟಿಗೆ ಅದು ನ್ಯಾಯವಾದ ಸಿಟ್ಟು. ಅವರ ಕಡಲು, ಅವರ ದಂಡೆ. ಈ ಮನೆಯಲ್ಲಿ ನೀರಿನೊಳಗೆ ಪಾಠ ಹೇಳುವವರು ಎಲ್ಲರೂ ಊರಿನವರೇ. ಇವರು ಒಂದು ದಿನವೂ ನೀರಲ್ಲಿ ನಿಂತು ಕಲಿಸುವುದಿಲ್ಲ. "ಆ ಕೂಲಿ ನಂದಲ್ಲ ಅಕ್ಕ" ಎಂದರು.

ನಮ್ಮ ಮೂಲ್ಕಿಯ ಕಥೆಯೂ ತಿರುಗುಮುರುಗಾಗಿ ಇದೇ ಅಲ್ವಾ. ಅಮೆರಿಕದ ಜ್ಯಾಕ್ ಹೆಬ್ನರ್ ಎಂಬ ಸನ್ಯಾಸಿ 2004ರ ಹೊತ್ತಿಗೆ ಅಲ್ಲಿ ಸರ್ಫಿಂಗ್ ಆಶ್ರಮ ಶುರು ಮಾಡಿದರು. ಅಲ್ಲಿ ಕಲಿತ ಕರಾವಳಿಯ ಹುಡುಗರು ಇವತ್ತು ಬೇರೆಯವರಿಗೆ ಕಲಿಸುತ್ತಿದ್ದಾರೆ. ಈ ಹೆಣ್ಣುಮಗಳೂ ಮೊದಲು ಬೋರ್ಡಿನ ಮೇಲೆ ನಿಂತದ್ದು ಮೂಲ್ಕಿಯಲ್ಲೇ.

ಊಟ. ಅಡುಗೆಯ ಅಮ್ಮ ಊರಿನವರೇ, 60 ದಾಟಿದೆ. ಬೆಳಿಗ್ಗೆ ಇಂದಿಆಪ್ಪ, ಅಂದರೆ ನಮ್ಮ ಒತ್ತುಶ್ಯಾವಿಗೆ. ಜೊತೆಗೆ ತೆಂಗಿನಹಾಲಿನ ಕಿರಿಹೊದಿ, ಬೇಳೆಯ ಪರಿಪ್ಪು. ಎಳೆ ಹಲಸಿನಕಾಯಿಯ ಪೊಲೊಸ್ ಪಲ್ಯವನ್ನು ನಾನು ಎರಡು ಸಲ ಹಾಕಿಸಿಕೊಂಡೆ. ಗೊಟುಕೊಲ ಎಂದು ಒಂದು ಸೊಪ್ಪು ಹೆಚ್ಚಿ ತೆಂಗಿನತುರಿ ಬೆರೆಸಿ ಕೊಟ್ಟರು, ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ನಮ್ಮ ಒಂದೆಲಗ! ಎಮ್ಮೆ ಮೊಸರಿಗೆ ಬೈನೆ ಮರದ ಪಾಕ ಸುರಿದು ತಿನ್ನುವುದನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸಿ ಹೇಳಿದೆ.

ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಲಿ. ಪೊಲ್ ಸಂಬೊಲ್ ಎಂಬ ತೆಂಗಿನಕಾಯಿ ಚಟ್ನಿಯಲ್ಲಿ ಬಹಳಷ್ಟು ಕಡೆ ಒಣಮೀನಿನ ಪುಡಿ ಹಾಕುತ್ತಾರೆ. ಕೆಂಪಗೆ ನಮ್ಮ ಚಟ್ನಿಯ ಹಾಗೇ ಕಾಣುತ್ತದೆ. ನಾನು ಸಸ್ಯಾಹಾರಿ ಎಂದು ಬುಕ್ ಮಾಡುವಾಗಲೇ ಬರೆದಿದ್ದೆ. ಆದರೂ ಮೊದಲ ಬೆಳಿಗ್ಗೆ ಅದೇ ಬಟ್ಟಲು ನನ್ನ ಮುಂದೆಯೂ ಬಂತು. ಅರ್ಧ ತಿಂದ ಮೇಲೆ ಗೊತ್ತಾಯಿತು. ನನಗೆ ಬೇಸರವಾಯಿತು, ಮರೆಮಾಚುವುದಿಲ್ಲ. ಅಡುಗೆಯ ಅಮ್ಮ ನನ್ನ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದರು, ಭಾಷೆ ತಿಳಿಯಲಿಲ್ಲ, ಮನಸ್ಸು ತಿಳಿಯಿತು. ಮರುದಿನದಿಂದ ನನಗೆ ಬೇರೆ ಕಲ್ಲಿನಲ್ಲಿ ಅರೆದರು. ನೀವು ಹೋದರೆ ಬರೆದರೆ ಸಾಲದು, ಹೋದ ರಾತ್ರಿಯೇ ಬಾಯಿಬಿಟ್ಟು ಹೇಳಿ.

ಕೆಳಗಿನ ಎರಡು ರೂಮುಗಳಲ್ಲಿ ಬೂಷ್ಟಿನ ವಾಸನೆ ಇದೆ. ನಮ್ಮದರಲ್ಲಿ ಸೊಳ್ಳೆಪರದೆ ಎರಡು ಕಡೆ ಹರಿದಿತ್ತು, ಮೂರನೇ ದಿನ ಹೊಲಿಸಿಕೊಟ್ಟರು. ಮೇಲಿನ ರೂಮುಗಳು ಚೆನ್ನಾಗಿವೆ, ಕಿಟಕಿ ತೆರೆದರೆ ಗಾಳಿ, ದುಡ್ಡು ಒಂದೇ. ಗಾಲೆಯ ಸುತ್ತಾಟ ನನಗೆ ಸಮಾಧಾನವಾಗಲಿಲ್ಲ. ಡಚ್ಚರ ಕಾಲದ ಆ ಕೋಟೆಯೊಳಗೆ ಇವತ್ತಿಗೂ ಜನ ವಾಸವಿದ್ದಾರೆ, ಓಣಿ ಓಣಿ ನಿಧಾನವಾಗಿ ನಡೆಯಬೇಕಾದ ಜಾಗ. ನಮ್ಮನ್ನು ಮಧ್ಯಾಹ್ನ ಹನ್ನೆರಡಕ್ಕೆ, ಕಲ್ಲು ಕಾದ ಹೊತ್ತಿಗೆ ಬಿಟ್ಟು ಮೂರು ಗಂಟೆಗೆ ಕರೆದುಕೊಂಡು ಬಂದರು. ಸಂಜೆ ನಾಲ್ಕಕ್ಕೆ ಹೋಗಬೇಕಿತ್ತು. ಹೇಳಿದ್ದೇನೆ. ಈ ಸೀಸನ್ನಿನಿಂದ ಬದಲಾಯಿಸುತ್ತೇವೆ ಎಂದು ಬರೆದಿದ್ದಾರೆ.

ಮಿರಿಸ್ಸಾದಿಂದ ದೋಣಿಯಲ್ಲಿ ತಿಮಿಂಗಿಲ ನೋಡಲು ಹೋಗುವುದನ್ನು ಇವರು ಪ್ರವಾಸದಲ್ಲಿ ಸೇರಿಸಿಲ್ಲ. ಬೇಡ ಎಂದೇ ಹೇಳಿದರು. ನಾವು ಕೇಳದೆ ಬೇರೆಯವರ ದೋಣಿಯಲ್ಲಿ ಹೋದೆವು. ನೀಲಿ ತಿಮಿಂಗಿಲದ ಬೆನ್ನು ಕಂಡಿತು, ನಿಜ. ಆದರೆ ಹತ್ತು ಹನ್ನೆರಡು ದೋಣಿಗಳು ಅದನ್ನು ಸುತ್ತುವರಿದು ಅಟ್ಟಿಸಿಕೊಂಡು ಹೋದವು. ಅದು ಮುಳುಗಿ ಎದ್ದ ಕಡೆಗೆಲ್ಲ ಎಂಜಿನ್ನು. ಕಣ್ಣು ಮುಚ್ಚಿಕೊಳ್ಳುವ ಹಾಗಾಯಿತು. ನೀವು ಹೋಗಬೇಡಿ.

ಕುಡಿದು ಕುಣಿಯಬೇಕು ಎನ್ನುವವರಿಗೆ ಇದು ಸರಿಯಾದ ಮನೆಯಲ್ಲ, ರಾತ್ರಿ ಒಂಬತ್ತೂವರೆಗೆ ಜಗುಲಿಯ ದೀಪ ಆರುತ್ತದೆ. ನನ್ನ ವಯಸ್ಸಿನವರು, ಈಜು ಬಾರದವರು, ಮಕ್ಕಳ ಜೊತೆ ಬರುವವರು ಧೈರ್ಯವಾಗಿ ಹೋಗಬಹುದು. ಈಜು ಬಾರದವರಿಗೆ ಸೊಂಟದ ಮಟ್ಟ ದಾಟಲು ಬಿಡುವುದಿಲ್ಲ, ಪಕ್ಕದಲ್ಲೇ ಒಬ್ಬರು ಇರುತ್ತಾರೆ. ಪೂರ್ತಿ ತೋಳಿನ ಈಜಿನ ಅಂಗಿ ತಗೊಂಡು ಹೋಗಿ, ಇಲ್ಲದಿದ್ದರೆ ಬೋರ್ಡಿಗೆ ಉಜ್ಜಿ ಹೊಟ್ಟೆ ಕೆಂಪಾಗುತ್ತದೆ.

ವಾಪಸ್ ಬರುವಾಗ ಗಾಡಿ ಬೇಡ ಎಂದು ವೆಲಿಗಾಮದಿಂದ ಕೊಲಂಬೊಗೆ ರೈಲು ಹಿಡಿದೆವು. ಹಳಿ ಕಡಲಿನ ಪಕ್ಕಕ್ಕೇ ಹೋಗುತ್ತದೆ, ಕೆಲವು ಕಡೆ ಅಲೆಯ ಹನಿ ಕಿಟಕಿಗೆ ಬರುತ್ತದೇನೋ ಅನ್ನಿಸುತ್ತದೆ. ಹಿಕ್ಕಡುವ ದಾಟಿದ ಮೇಲೆ ಪೆರಲಿಯ ಬರುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಇಲ್ಲೇ ಒಂದು ರೈಲನ್ನು ಹೊಡೆದು ಸಾವಿರಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತು. ಪಾಲುದಾರರ ಮನೆಯವರೂ ಆವತ್ತು ಕೆಲವರನ್ನು ಕಳೆದುಕೊಂಡಿದ್ದಾರೆ ಎಂದು ಹಿಂದಿನ ರಾತ್ರಿಯಷ್ಟೇ ತಿಳಿದಿತ್ತು. ಅವರು ಮತ್ತೆ ನೀರಿಗೆ ಇಳಿಯಲು ಎರಡು ವರ್ಷ ಬೇಕಾಯಿತಂತೆ. ಆ ಊರು ದಾಟುವವರೆಗೆ ನಾವಿಬ್ಬರೂ ಮಾತಾಡಲಿಲ್ಲ.

ಆಮೇಲೆ ತಮ್ಮ ಮಾತಾಡಿದ. ಹೊರಡುವಾಗ ಹೊನ್ನಾವರದ ಹೆಣ್ಣುಮಗಳು ಅವನಿಗೆ ಒಂದು ಮಾತು ಹೇಳಿದ್ದರಂತೆ. "ಸೀಸನ್ನಲ್ಲಿ ಬಂದು ನೋಡಿದ್ದು ಸಾಕು. ಜೂನಲ್ಲಿ ಬಾ. ಮಳೆ ಇರ್ತದೆ, ಒಳ್ಳೆ ತೆರೆ ಇರಲ್ಲ, ಅರ್ಧ ಅಂಗಡಿ ಮುಚ್ಚಿರ್ತದೆ. ಒಂದು ತಿಂಗಳು ಸುಮ್ನೆ ಇರು. ಆಗಲೂ ಇಲ್ಲೇ ಇರ್ಬೇಕು ಅನ್ನಿಸಿದ್ರೆ ನಂಗೆ ಹೇಳು, ಕಾಗದ ಪತ್ರ ಎಲ್ಲ ನಾನೇ ತೋರಿಸ್ಕೊಡ್ತೆ."

ಅವನು ಸಂಬಳವಿಲ್ಲದ ರಜೆ ಹಾಕಿ ಜೂನಿಗೆ ಟಿಕೆಟ್ ತೆಗೆದಿದ್ದಾನೆ. ಅಪ್ಪನಿಗೂ ಹೇಳಿದ್ದಾನೆ, ಈ ಸಲ ಅವರು ಎದ್ದು ಹೋಗಲಿಲ್ಲ. ನಾನು ಡಿಸೆಂಬರ್ ಎರಡನೇ ವಾರಕ್ಕೆ ಅಮ್ಮನನ್ನೂ ಸೇರಿಸಿ ಮುಂಗಡ ಕಳಿಸಿದ್ದೇನೆ. ಮೇಲಿನ ರೂಮು ಬೇಕು ಎಂದು ಈಗಲೇ ಹೇಳಿಟ್ಟಿದ್ದೇನೆ.